ಕೋಬಾಲ್ಟಿನ ಕಪ್ಪು ಪುಡಿ ಅಯಸ್ಕಾಂತಕ್ಕೇಕೆ ಅಂಟುವುದಿಲ್ಲ? – ಓದುಗರ ಪ್ರಶ್ನೆಗಳು, ಉತ್ತರಗಳು

ಗಡಿನಾಡಿನ ಓದುಗರಿಂದ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೋಬಾಲ್ಟ್, ನಿಕಲ್, ಮ್ಯಾಂಗನೀಸ್, ತಾಮ್ರ, ಕಬ್ಬಿಣಗಳಂಥ ಸಂಕ್ರಮಣ ಲೋಹಗಳು ಆಕ್ಸಿಜನ್ನಿನೊಡನೆ ಸೇರಿ ಪದರ ಪದರವಾದ ಆಕ್ಸೈಡುಗಳಾದಾಗ ಅವುಗಳ ಕಾಂತಗುಣಕ್ಕೆ ಏನಾಗುತ್ತದೆ ಎಂಬುದೇ ಆ ವಿಷಯ. ಧಾತುವಿನ ಹೆಸರನ್ನು ನೋಡಿ ಕಾಂತಗುಣವನ್ನು ಊಹಿಸುವ ಅಭ್ಯಾಸ ನಮ್ಮ ಪಠ್ಯಪುಸ್ತಕಗಳಿಂದಲೇ ಬಂದಿದೆ. ಅದನ್ನು ಬಿಟ್ಟು, ಅಯಾನಿನಲ್ಲಿ ಎಷ್ಟು ಎಲೆಕ್ಟ್ರಾನುಗಳು ಉಳಿದಿವೆ, ಸುತ್ತಲಿನ ಆಕ್ಸಿಜನ್‌ಗಳು ಹೇಗೆ ನಿಂತಿವೆ ಎಂದು ಕೇಳಿದರೆ ಈ ಐದೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಲಿಥಿಯಂ ಕಾರ್ಬೊನೇಟ್ ಮತ್ತು ಕೋಬಾಲ್ಟ್ ಆಕ್ಸೈಡನ್ನು ಅರೆದು ಬೆರೆಸಿ, ಕುಲುಮೆಯಲ್ಲಿ ಕಾಯಿಸಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ತಯಾರಿಸಿದೆವು. ಕೋಬಾಲ್ಟ್ ಲೋಹವನ್ನು ಅಯಸ್ಕಾಂತ ಬಲವಾಗಿ ಎಳೆಯುತ್ತದೆ. ಆದರೆ ಈ ಕಪ್ಪು ಪುಡಿಯ ಬಳಿ ಒಳ್ಳೆಯ ಅಯಸ್ಕಾಂತ ಹಿಡಿದರೂ ಒಂದು ಕಣವೂ ಕದಲಲಿಲ್ಲ. ಕೋಬಾಲ್ಟಿನ ಕಾಂತಗುಣ ಎಲ್ಲಿ ಹೋಯಿತು?
– ಎಂ.ಎಸ್ಸಿ. ವಿದ್ಯಾರ್ಥಿನಿ, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಮೊದಲು ಎಲೆಕ್ಟ್ರಾನುಗಳನ್ನು ಎಣಿಸೋಣ. ಕೋಬಾಲ್ಟ್ ಪರಮಾಣುವಿನಲ್ಲಿ 27 ಎಲೆಕ್ಟ್ರಾನುಗಳಿವೆ. ನಿಮ್ಮ ಪುಡಿಯಲ್ಲಿ ಪ್ರತಿ ಕೋಬಾಲ್ಟಿಗೆ ಒಂದು ಲಿಥಿಯಂ, ಎರಡು ಆಕ್ಸಿಜನ್ ಇವೆ. ಎರಡು ಆಕ್ಸಿಜನ್‌ಗಳಿಗೆ ನಾಲ್ಕು ಎಲೆಕ್ಟ್ರಾನುಗಳು ಬೇಕು; ಲಿಥಿಯಂ ಒಂದನ್ನು ಕೊಟ್ಟರೆ ಉಳಿದ ಮೂರನ್ನು ಕೋಬಾಲ್ಟ್ ಕೊಡಬೇಕಾಗುತ್ತದೆ. ಹೀಗೆ 3+ (ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಅಯಾನು) ಆದ ಕೋಬಾಲ್ಟಿನಲ್ಲಿ 24 ಎಲೆಕ್ಟ್ರಾನುಗಳು ಉಳಿಯುತ್ತವೆ. ಅವುಗಳಲ್ಲಿ 18 ಆರ್ಗಾನ್ ಪರಮಾಣುವಿನಲ್ಲಿರುವಂತೆ ತುಂಬಿದ ಕವಚಗಳಿಗೆ ಸೇರಿದವು. ಡಿ ಕಕ್ಷಕಗಳ, ಅಂದರೆ ಒಂದೊಂದರಲ್ಲಿ ಎರಡು ಎಲೆಕ್ಟ್ರಾನುಗಳವರೆಗೆ ಕೂರಬಲ್ಲ ಹೊರಗಿನ ಐದು ಜಾಗಗಳ, ಪಾಲಿಗೆ ಬರುವುದು ಆರು.

ಈ ಆರು ಎಲೆಕ್ಟ್ರಾನುಗಳು ಐದು ಡಿ ಕಕ್ಷಕಗಳಲ್ಲಿ ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ನಿರ್ಧರಿಸುವುದು ಸುತ್ತಲಿನ ಆಕ್ಸಿಜನ್. ಪ್ರತಿ ಕೋಬಾಲ್ಟಿನ ಸುತ್ತ ಆರು ಆಕ್ಸಿಜನ್‌ಗಳು ಅಷ್ಟಮುಖಿಯ ಆರು ಮೂಲೆಗಳಲ್ಲಿರುತ್ತವೆ. ನಡುವಿನ ದೂರ ಸುಮಾರು 1.92 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು). ಐದು ಕಕ್ಷಕಗಳಲ್ಲಿ ಎರಡು ನೇರವಾಗಿ ಆಕ್ಸಿಜನ್ನಿನ ಕಡೆಗೇ ಚಾಚಿಕೊಂಡಿರುವುದರಿಂದ ಅವುಗಳಲ್ಲಿ ಕೂರುವ ಎಲೆಕ್ಟ್ರಾನಿಗೆ ಆಕ್ಸಿಜನ್ನಿನ ವಿಕರ್ಷಣೆ ಹೆಚ್ಚು. ಉಳಿದ ಮೂರು ಆಕ್ಸಿಜನ್‌ಗಳ ನಡುವಿನ ತೆರಪಿನತ್ತ ಚಾಚಿರುವುದರಿಂದ ಅವುಗಳ ಶಕ್ತಿಮಟ್ಟ ಕೆಳಗೇ ಉಳಿಯುತ್ತದೆ. ಕೆಳಗಿನ ಮೂರನ್ನು ಟಿ2ಜಿ ಎಂದೂ ಮೇಲಿನ ಎರಡನ್ನು ಇಜಿ ಎಂದೂ ಕರೆಯುತ್ತಾರೆ. ಹ್ಯಾನ್ಸ್ ಬೇಥೆ 1929ರಲ್ಲಿ ಈ ಸ್ಫಟಿಕ ಕ್ಷೇತ್ರ ಸಿದ್ಧಾಂತಕ್ಕೆ ತಳಹದಿ ಹಾಕಿದರು. ಅದನ್ನು ಕಾಂತೀಯತೆಗೆ ಅನ್ವಯಿಸಿದವರಲ್ಲಿ ಪ್ರಮುಖರಾದ ವಾನ್ ವ್ಲೆಕ್ ಅವರಿಗೆ 1977ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಇಲ್ಲಿ ಎರಡು ಶಕ್ತಿಗಳ ನಡುವೆ ಪೈಪೋಟಿ ಇದೆ. ಎಲೆಕ್ಟ್ರಾನು ಟಿ2ಜಿಯಿಂದ ಇಜಿಗೆ ಏರಬೇಕಾದರೆ ತೆರಬೇಕಾದ ಶಕ್ತಿ ಒಂದು. ಒಂದೇ ಕಕ್ಷಕದಲ್ಲಿ ಎರಡು ಎಲೆಕ್ಟ್ರಾನುಗಳು ಜೋಡಿಯಾಗಲು ತೆರಬೇಕಾದ ಶಕ್ತಿ ಇನ್ನೊಂದು. ಫ್ಲೋರೈಡಿನಂಥ ದುರ್ಬಲ ನೆರೆಯ ನಡುವೆ ಏರುವುದೇ ಅಗ್ಗವಾಗುತ್ತದೆ. ಆದ್ದರಿಂದ ಆರು ಫ್ಲೋರೈಡುಗಳ ನಡುವಿನ 3+ ಕೋಬಾಲ್ಟಿನಲ್ಲಿ ನಾಲ್ಕು ಒಂಟಿ ಎಲೆಕ್ಟ್ರಾನುಗಳಿರುತ್ತವೆ. ನಿಮ್ಮ ಆಕ್ಸೈಡಿನಲ್ಲಿ ಆಕ್ಸಿಜನ್ ಹತ್ತಿರದಲ್ಲಿದೆ, ಅದರ ಪಿ ಕಕ್ಷಕಗಳು ಕೋಬಾಲ್ಟಿನ ಇಜಿ ಕಕ್ಷಕಗಳೊಡನೆ ಗಾಢವಾಗಿ ಬೆರೆಯುತ್ತವೆ. ಅದರಿಂದ ಇಜಿ ಮಟ್ಟ ಬಹಳ ಮೇಲೇರಿ, ಆರೂ ಎಲೆಕ್ಟ್ರಾನುಗಳು ಕೆಳಗಿನ ಮೂರು ಕಕ್ಷಕಗಳಲ್ಲಿ ಮೂರು ಜೋಡಿಗಳಾಗಿ ನಿಲ್ಲುತ್ತವೆ. ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ, ಅದನ್ನು ಪುಟ್ಟ ಅಯಸ್ಕಾಂತವಾಗಿಸುವ ಗುಣವಿದೆ; ಜೋಡಿಯಲ್ಲಿ ಎರಡರ ಸ್ಪಿನ್‌ಗಳು ವಿರುದ್ಧವಾಗಿದ್ದು ಅಳಿದುಹೋಗುತ್ತವೆ. ಒಂಟಿ ಎಲೆಕ್ಟ್ರಾನು ಒಂದೂ ಇಲ್ಲ, ಒಟ್ಟು ಸ್ಪಿನ್ ಸೊನ್ನೆ. ಅಯಾನಿಗೇ ಕಾಂತೀಯ ಮಹತ್ವ (ಪುಟ್ಟ ಅಯಸ್ಕಾಂತವಾಗಿ ಅದರ ಬಲ) ಇಲ್ಲದ ಮೇಲೆ ಅವು ಪರಸ್ಪರ ಸಾಲುಗಟ್ಟುವ ಮಾತೇ ಬರುವುದಿಲ್ಲ.

ಇದೇ 3+ ಕೋಬಾಲ್ಟ್ ಲ್ಯಾಂಥನಂ ಕೋಬಾಲ್ಟ್ ಆಕ್ಸೈಡಿನಲ್ಲಿ ಬೇರೆ ರೀತಿ ವರ್ತಿಸುತ್ತದೆ. ಅದರದು ಪೆರೋವ್‌ಸ್ಕೈಟ್ ಎಂಬ, ಪದರಗಳಿಲ್ಲದ ಸ್ಫಟಿಕ ರಚನೆ. ಅಲ್ಲಿ ಮೇಲೆ ಹೇಳಿದ ಎರಡು ಶಕ್ತಿಗಳು ಬಹುತೇಕ ಸರಿಸಮ. ತೀರಾ ತಣ್ಣಗಿರುವಾಗ ಸ್ಪಿನ್ ಸೊನ್ನೆಯಾಗಿರುವ ಕೋಬಾಲ್ಟ್ ಸುಮಾರು 100 ಕೆಲ್ವಿನ್‌ಗೆ (ಸೊನ್ನೆ ಸೆಲ್ಸಿಯಸ್ಸಿಗಿಂತ ಸುಮಾರು 173 ಡಿಗ್ರಿ ಕೆಳಗೆ) ಬರುವಷ್ಟರಲ್ಲಿ ಶಾಖದ ಬಲದಿಂದಲೇ ಒಂಟಿ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಈ ಸಂಯುಕ್ತವನ್ನು ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 1970ರ ದಶಕದಲ್ಲಿಯೇ ಗಾಮಾ ಕಿರಣಗಳನ್ನು ಬಳಸುವ ಮೋಸ್‌ಬೌವರ್ ವಿಧಾನದಿಂದ ಪರೀಕ್ಷಿಸಿದ್ದರು. ನಿಮ್ಮ ಪದರ ಆಕ್ಸೈಡಿನಲ್ಲಾದರೋ ಅಂತರ ದೊಡ್ಡದಾಗಿರುವುದರಿಂದ ಕೋಣೆಯ ಉಷ್ಣತೆಯಲ್ಲೂ ಜೋಡಿಗಳು ಮುರಿಯುವುದಿಲ್ಲ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೈಯಲ್ಲಿ ಹಿಡಿದ ಅಯಸ್ಕಾಂತಕ್ಕೆ ಅಂಟದಿರುವುದು ಬೇರೆ, ಒಂಟಿ ಎಲೆಕ್ಟ್ರಾನು ಇಲ್ಲದಿರುವುದು ಬೇರೆ. ಮ್ಯಾಂಗನೀಸ್ ಸಲ್ಫೇಟಿನಲ್ಲಿ ಐದು ಒಂಟಿ ಎಲೆಕ್ಟ್ರಾನುಗಳಿದ್ದರೂ ಅದು ಸಾಮಾನ್ಯ ಅಯಸ್ಕಾಂತಕ್ಕೆ ಕಬ್ಬಿಣದ ಚೂರಿನಂತೆ ಹಾರಿ ಅಂಟುವುದಿಲ್ಲ, ಏಕೆಂದರೆ ಪ್ಯಾರಾಕಾಂತೀಯ ಸೆಳೆತ, ಅಂದರೆ ಸಾಲುಗಟ್ಟದೆ ಬಿಡಿಯಾಗಿರುವ ಒಂಟಿ ಎಲೆಕ್ಟ್ರಾನುಗಳ ಸೆಳೆತ, ಬಹಳ ದುರ್ಬಲ. ಆದ್ದರಿಂದ ನಿಮ್ಮ ನಿರ್ಣಯಕ್ಕೆ ಅಯಸ್ಕಾಂತ ಸಾಲದು. ವಿಭಾಗದಲ್ಲಿ ಗೂಯ್ ತಕ್ಕಡಿ (ಕಾಂತದ ಬಳಿ ತೂಗುಬಿಟ್ಟ ವಸ್ತುವಿನ ಮೇಲಿನ ಸೆಳೆತವನ್ನು ತೂಕದ ಬದಲಾವಣೆಯಾಗಿ ತೋರಿಸುವ ಉಪಕರಣ) ಇದ್ದರೆ ಪುಡಿಯನ್ನು ಅದರ ಕೊಳವೆಯಲ್ಲಿ ಒತ್ತಿ ತುಂಬಿ, ವಿದ್ಯುತ್ಕಾಂತಕ್ಕೆ ಪ್ರವಾಹ ಹರಿಸುವ ಮೊದಲು ಮತ್ತು ಹರಿಸಿದ ಮೇಲೆ ತೂಕ ನೋಡಿ, ಮ್ಯಾಂಗನೀಸ್ ಸಲ್ಫೇಟನ್ನೂ ಅದೇ ಕೊಳವೆಯಲ್ಲಿ ತೂಗಿ ಹೋಲಿಸಿರಿ. ವ್ಯತ್ಯಾಸ ಕಣ್ಣಿಗೇ ಕಾಣಿಸುತ್ತದೆ. ಪುಡಿಯಲ್ಲಿ ಬಹಳ ಸಣ್ಣ ಪ್ಯಾರಾಕಾಂತೀಯತೆ ಕಂಡುಬಂದರೆ ಗಾಬರಿಯಾಗಬೇಡಿರಿ. ಅದರಲ್ಲಿ ಒಂದು ಪಾಲು ತುಂಬಿದ ಕಕ್ಷಕಗಳೂ ಕ್ಷೇತ್ರಕ್ಕೆ ತೋರುವ, ಉಷ್ಣತೆಯೊಡನೆ ಬದಲಾಗದ ಪ್ರತಿಕ್ರಿಯೆ. ಇನ್ನೊಂದು ಪಾಲು ಸಂಪೂರ್ಣವಾಗಿ ವರ್ತಿಸದೆ ಉಳಿದ ಕೋಬಾಲ್ಟ್ ಆಕ್ಸೈಡಿನದಾಗಿರಬಹುದು. ಆ ಆಕ್ಸೈಡಿನಲ್ಲಿ ಚತುರ್ಮುಖಿಯ ನಡುವಿರುವ 2+ ಕೋಬಾಲ್ಟಿಗೆ ಮೂರು ಒಂಟಿ ಎಲೆಕ್ಟ್ರಾನುಗಳಿವೆ.

ಇನ್ನು ಈ ಪುಡಿ ಬ್ಯಾಟರಿಯೊಳಗೆ ಹೋದಾಗ ಚಿತ್ರ ಬದಲಾಗುತ್ತದೆ. ಜಾನ್ ಗುಡ್‌ಇನಫ್ ಅವರ ತಂಡ 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಇದನ್ನು ಬ್ಯಾಟರಿಯ ಧನಧ್ರುವವಾಗಿ ಬಳಸಬಹುದೆಂದು ತೋರಿಸಿತು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಚಾರ್ಜ್ ಮಾಡುವಾಗ ಪದರಗಳ ನಡುವಿನಿಂದ ಲಿಥಿಯಂ ಹೊರಬರುತ್ತದೆ, ಅದರ ಜೊತೆಗೆ ಟಿ2ಜಿ ಪಟ್ಟಿಯಿಂದ ಒಂದೊಂದು ಎಲೆಕ್ಟ್ರಾನು ಹೊರಡುತ್ತದೆ. ಒಂದು ಜೋಡಿ ಮುರಿದ ಕೋಬಾಲ್ಟಿನಲ್ಲಿ ಈಗ ಒಂದು ಒಂಟಿ ಎಲೆಕ್ಟ್ರಾನು ಉಳಿಯುತ್ತದೆ. ಕೋಬಾಲ್ಟ್‌ಗಳ ನಡುವಿನ ದೂರ ಸುಮಾರು 2.82 ಆಂಗ್‌ಸ್ಟ್ರಮ್ ಮಾತ್ರ ಆಗಿರುವುದರಿಂದ ಎಲೆಕ್ಟ್ರಾನು ಬಿಟ್ಟುಹೋದ ಈ ತೆರವು ಒಂದು ಅಯಾನಿಗೆ ಅಂಟಿಕೊಳ್ಳದೆ ಪದರದುದ್ದಕ್ಕೂ ಓಡಾಡುತ್ತದೆ, ಅವಾಹಕವಾಗಿದ್ದ ಪುಡಿ ಲೋಹದಂತೆ ವಿದ್ಯುತ್ತನ್ನು ಹರಿಸತೊಡಗುತ್ತದೆ. ಲಿಥಿಯಂ ಜಾಗದಲ್ಲಿ ಸೋಡಿಯಂ ಇರುವ ಸೋದರ ಸಂಯುಕ್ತ ಇನ್ನೂ ಮುಂದೆ ಹೋಗುತ್ತದೆ: 1997ರಲ್ಲಿ ಅದರಲ್ಲಿ ಅಸಾಧಾರಣ ಉಷ್ಣವಿದ್ಯುತ್ ಗುಣ ಕಂಡುಬಂತು, 2003ರಲ್ಲಿ ಅದರ ಪದರಗಳ ನಡುವೆ ನೀರಿನ ಅಣುಗಳನ್ನು ಸೇರಿಸಿದಾಗ ಸುಮಾರು 5 ಕೆಲ್ವಿನ್‌ನಲ್ಲಿ ಅತಿವಾಹಕತೆ (ಯಾವ ಅಡ್ಡಿಯೂ ಇಲ್ಲದೆ ವಿದ್ಯುತ್ ಹರಿಯುವ ಗುಣ) ಕಾಣಿಸಿಕೊಂಡಿತು. ಸ್ಪಿನ್ ಸೊನ್ನೆಯೆಂದು ನೀವು ಬದಿಗಿಡಲು ಹೊರಟ ಈ ಪುಡಿಯ ವಂಶದಲ್ಲಿ ಇಷ್ಟೆಲ್ಲ ಅಡಗಿದೆ ಎಂಬುದು ನನಗೆ ಇಂದಿಗೂ ವಿಸ್ಮಯವೇ.

ಪ್ರಶ್ನೆ: ನಾನು ವಿದ್ಯುತ್ ಸ್ಕೂಟರಿನ ಬ್ಯಾಟರಿ ಜೋಡಿಸುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ಕೋಶಗಳ ವಿವರದಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಮೂರೂ ಇವೆಯೆಂದು ಬರೆದಿರುತ್ತದೆ. ಕೋಬಾಲ್ಟ್ ದುಬಾರಿ ಎನ್ನುತ್ತಾರೆ. ಹಾಗಾದರೆ ಅಗ್ಗದ ಮ್ಯಾಂಗನೀಸನ್ನೇ ಪೂರ್ತಿ ಬಳಸಬಾರದೇಕೆ? ಕಾಂತಗುಣಕ್ಕೂ ಬ್ಯಾಟರಿಗೂ ಏನಾದರೂ ಸಂಬಂಧವಿದೆಯೇ?
– ಓದುಗರು, ಹೊಸೂರು, ಕೃಷ್ಣಗಿರಿ ಜಿಲ್ಲೆ

ಉತ್ತರ: ಪೂರ್ತಿ ಮ್ಯಾಂಗನೀಸಿನ ಪದರ ಆಕ್ಸೈಡನ್ನು ತಯಾರಿಸಲು ಸಾಧ್ಯವಿದೆ. ನೇರವಾಗಿ ಕಾಯಿಸಿದರೆ ಪದರದ ರೂಪ ಬರುವುದಿಲ್ಲವಾದ್ದರಿಂದ 1996ರಲ್ಲಿ ಬ್ರಿಟನ್ನಿನ ಸಂಶೋಧಕರು ಮೊದಲು ಸೋಡಿಯಂ ಸಂಯುಕ್ತವನ್ನು ಮಾಡಿ, ಆಮೇಲೆ ಸೋಡಿಯಮ್ಮಿನ ಜಾಗಕ್ಕೆ ಲಿಥಿಯಮ್ಮನ್ನು ತಂದು ಅದನ್ನು ಪಡೆದರು. ಆದರೆ ಅದು ಬ್ಯಾಟರಿಯಲ್ಲಿ ಬಾಳುವುದಿಲ್ಲ. ಅದರಲ್ಲಿರುವ 3+ ಮ್ಯಾಂಗನೀಸಿಗೆ ನಾಲ್ಕು ಡಿ ಎಲೆಕ್ಟ್ರಾನುಗಳಿವೆ. ಮೂರು ಟಿ2ಜಿಯಲ್ಲಿ ಒಂಟಿಯಾಗಿ ಕೂತು, ನಾಲ್ಕನೆಯದು ಇಜಿಯ ಎರಡು ಸಮಾನ ಕಕ್ಷಕಗಳಲ್ಲಿ ಒಂದನ್ನು ಸೇರುತ್ತದೆ. ಎರಡು ಸಮಾನ ಕಕ್ಷಕಗಳಿಗೆ ಒಂದೇ ಎಲೆಕ್ಟ್ರಾನು ಇರುವಾಗ ಅಷ್ಟಮುಖಿ ತನ್ನ ಆಕಾರವನ್ನು ಕೆಡಿಸಿಕೊಂಡು, ಎರಡು ಆಕ್ಸಿಜನ್‌ಗಳನ್ನು ದೂರ ತಳ್ಳಿ, ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ. ಯಾನ್ ಮತ್ತು ಟೆಲ್ಲರ್ 1937ರಲ್ಲಿ ಸಾಧಿಸಿ ತೋರಿಸಿದ ಪ್ರಮೇಯ ಇದೇ. ಚಾರ್ಜ್ ಮಾಡುವಾಗ 3+ ಮ್ಯಾಂಗನೀಸ್ 4+ ಆಗಿ ಅಷ್ಟಮುಖಿ ಸರಿಯಾಗುತ್ತದೆ, ಬಳಸುವಾಗ ಮತ್ತೆ ಕೆಡುತ್ತದೆ. ಇದಕ್ಕಿಂತಲೂ ದೊಡ್ಡ ತೊಂದರೆಯೆಂದರೆ ಮ್ಯಾಂಗನೀಸ್ ತನ್ನ ಪದರವನ್ನು ಬಿಟ್ಟು ಲಿಥಿಯಂ ಪದರಕ್ಕೆ ಜಾರುತ್ತದೆ, ಚಾರ್ಜು ಮಾಡಿ ಬಳಸಿದಂತೆಲ್ಲ ಪದರ ರಚನೆ ಅಳಿದು ಸ್ಪಿನೆಲ್ ಎಂಬ ಬೇರೆ ರಚನೆಯತ್ತ ಹೊರಳುತ್ತದೆ.

ನಿಮ್ಮ ಕೋಶದ ಮಿಶ್ರಣದಲ್ಲಿ ಜಾಣತನವಿದೆ. ಮೂರೂ ಲೋಹಗಳು ಸಮಪಾಲಿರುವ ಮಿಶ್ರಣ 2001ರಲ್ಲಿ ಜಪಾನಿನಿಂದ ವರದಿಯಾಯಿತು. ಅದರಲ್ಲಿ ಮೂರೂ 3+ ಆಗಿರಬೇಕೆಂದು ಸೂತ್ರ ನೋಡಿದರೆ ಅನಿಸುತ್ತದೆ. ವಾಸ್ತವದಲ್ಲಿ ನಿಕಲ್ 2+, ಮ್ಯಾಂಗನೀಸ್ 4+, ಕೋಬಾಲ್ಟ್ 3+ ಆಗಿ ನಿಲ್ಲುತ್ತವೆ. 4+ ಆದ ಮ್ಯಾಂಗನೀಸಿನ ಮೂರು ಎಲೆಕ್ಟ್ರಾನುಗಳು ಮೂರು ಟಿ2ಜಿ ಕಕ್ಷಕಗಳಲ್ಲಿ ಒಂದೊಂದಾಗಿ ಇರುವುದರಿಂದ ಅಷ್ಟಮುಖಿ ಕೆಡುವ ಕಾರಣವೇ ಇಲ್ಲ. ಅದು ಚಾರ್ಜಿನಲ್ಲಿ ಭಾಗವಹಿಸದೆ ರಚನೆಯನ್ನು ಹಿಡಿದು ನಿಲ್ಲಿಸುತ್ತದೆ. ಎಲೆಕ್ಟ್ರಾನುಗಳನ್ನು ಕೊಡುವ ಕೆಲಸ ಮುಖ್ಯವಾಗಿ ನಿಕಲ್ಲಿನದು. ಅದು 2+ ಇಂದ 4+ ವರೆಗೆ ಹೋಗಿ ಎರಡೆರಡು ಎಲೆಕ್ಟ್ರಾನುಗಳನ್ನು ಕೊಡಬಲ್ಲದು. ಕೋಬಾಲ್ಟ್ ಪದರಗಳನ್ನು ಅಚ್ಚುಕಟ್ಟಾಗಿ ಇಡಲು ನೆರವಾಗುತ್ತದೆ. ಹೆಚ್ಚು ಸಾಮರ್ಥ್ಯ ಬೇಕೆಂದು ನಿಕಲ್ಲನ್ನು ಹತ್ತರಲ್ಲಿ ಎಂಟು ಪಾಲಿಗೆ ಏರಿಸಿದರೆ, ಪೂರ್ಣ ಚಾರ್ಜಿನಲ್ಲಿ ಬಿಸಿಯಾದಾಗ ಆಕ್ಸಿಜನ್ ಬಿಡುಗಡೆಯಾಗುವ ಅಪಾಯವೂ ಏರುತ್ತದೆ. ಇದನ್ನು ಜೋಡಣೆಯಲ್ಲಿ ಕೆಲಸ ಮಾಡುವ ನೀವು ಸದಾ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಕಾಂತಗುಣದ ಸಂಬಂಧ ಇಲ್ಲಿಯೇ ಇದೆ. 2+ ನಿಕಲ್ಲಿನ ತ್ರಿಜ್ಯ ಸುಮಾರು 0.69 ಆಂಗ್‌ಸ್ಟ್ರಮ್, ಲಿಥಿಯಮ್ಮಿನದು 0.76, ಗಾತ್ರ ಹತ್ತಿರವಾದ್ದರಿಂದ ಕೆಲವು ನಿಕಲ್ ಅಯಾನುಗಳು ತಪ್ಪಿ ಲಿಥಿಯಂ ಪದರದಲ್ಲಿ ಕೂತುಬಿಡುತ್ತವೆ, ಲಿಥಿಯಮ್ಮಿನ ಓಡಾಟಕ್ಕೆ ಅಡ್ಡವಾಗುತ್ತವೆ. ಸರಿಯಾದ ಪದರದೊಳಗೆ ಲೋಹ, ಆಕ್ಸಿಜನ್, ಲೋಹ ಇವುಗಳ ನಡುವಿನ ಕೋನ ಸುಮಾರು 90 ಡಿಗ್ರಿ. ಆ ಕೋನದಲ್ಲಿ ಸ್ಪಿನ್‌ಗಳ ನಡುವಿನ ಬಂಧ ದುರ್ಬಲ. ಆದರೆ ಲಿಥಿಯಂ ಪದರಕ್ಕೆ ಬಂದ ನಿಕಲ್, ಪಕ್ಕದ ಪದರದ ನಿಕಲ್ಲಿನೊಡನೆ ಆಕ್ಸಿಜನ್ನಿನ ಮೂಲಕ 180 ಡಿಗ್ರಿಯ ನೇರ ಗೆರೆಯಲ್ಲಿ ನಿಲ್ಲುತ್ತದೆ. ಆಗ ಬಂಧ ಬಲವಾಗಿ, ಎರಡೂ ಸ್ಪಿನ್‌ಗಳು ಎದುರುಬದುರಾಗುತ್ತವೆ. ಗುಡ್‌ಇನಫ್ ಮತ್ತು ಕನಮೋರಿ 1950ರ ದಶಕದಲ್ಲಿ ರೂಪಿಸಿದ ನಿಯಮಗಳು ಹೇಳುವುದು ಇದನ್ನೇ. ಜಾಗ ತಪ್ಪಿದ ಒಂದು ನಿಕಲ್ ತನ್ನ ಮೇಲಿನ ಮತ್ತು ಕೆಳಗಿನ ಎರಡೂ ಪದರಗಳ ನಿಕಲ್‌ಗಳನ್ನು ತನಗೆ ವಿರುದ್ಧ ದಿಕ್ಕಿಗೆ ತಿರುಗಿಸುವುದರಿಂದ ಆ ಎರಡು ಪದರಗಳು ಒಂದೇ ದಿಕ್ಕಿಗೆ ಬಂದು, ತಣ್ಣನೆಯ ಸ್ಥಿತಿಯಲ್ಲಿ ಸ್ಪಷ್ಟವಾದ ಕಾಂತೀಯ ಸಂಕೇತ ಕೊಡುತ್ತವೆ. ಹೀಗಾಗಿ ಸಂಶೋಧನಾಲಯಗಳಲ್ಲಿ ಪುಡಿಯ ಕಾಂತೀಯ ಅಳತೆ, ಎಷ್ಟು ನಿಕಲ್ ಜಾಗ ತಪ್ಪಿದೆಯೆಂದು ತಿಳಿಯುವ ಸೂಕ್ಷ್ಮ ಪರೀಕ್ಷೆಯೂ ಆಗಿದೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಒಂಟಿ ಎಲೆಕ್ಟ್ರಾನುಗಳ ಸಂಖ್ಯೆಯಿಂದ ಕಾಂತೀಯ ಮಹತ್ವ ಲೆಕ್ಕ ಹಾಕುವ ಸೂತ್ರ 2+ ಕೋಬಾಲ್ಟಿಗೆ ಹೊಂದುವುದಿಲ್ಲವೇಕೆ?
– ಉಪನ್ಯಾಸಕಿ, ಮಡಕಶಿರಾ, ಆಂಧ್ರಪ್ರದೇಶ

ಉತ್ತರ: ಒಂಟಿ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಅದಕ್ಕಿಂತ ಎರಡು ಹೆಚ್ಚಿನ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆಯುವ ಆ ಸೂತ್ರ ಸ್ಪಿನ್ನನ್ನು ಮಾತ್ರ ಎಣಿಸುತ್ತದೆ. ಅದರಂತೆ ಮೂರು ಒಂಟಿ ಎಲೆಕ್ಟ್ರಾನುಗಳಿಗೆ 3.87 ಬೋರ್ ಮ್ಯಾಗ್ನೆಟಾನ್ (ಕಾಂತೀಯ ಮಹತ್ವದ ಮೂಲಮಾನ) ಬರಬೇಕು. ಅಷ್ಟಮುಖಿಯ ನಡುವಿನ 2+ ಕೋಬಾಲ್ಟಿನಲ್ಲಿ ಅಳತೆಗೆ ಸಿಗುವುದು ಸಾಮಾನ್ಯವಾಗಿ 4.7ರಿಂದ 5.2. ಇದರ ಟಿ2ಜಿಯಲ್ಲಿ ಐದು, ಇಜಿಯಲ್ಲಿ ಎರಡು ಎಲೆಕ್ಟ್ರಾನುಗಳಿವೆ. ಟಿ2ಜಿಯಲ್ಲಿರುವ ಒಂದು ತೆರವು ಮೂರು ಸಮಾನ ಕಕ್ಷಕಗಳ ನಡುವೆ ಸುತ್ತಾಡಬಲ್ಲದಾದ್ದರಿಂದ ಕಕ್ಷೀಯ ಚಲನೆಯ ಕಾಂತತೆಯೂ ಉಳಿದು ಸ್ಪಿನ್ನಿನ ಜೊತೆ ಕೂಡಿಕೊಳ್ಳುತ್ತದೆ. 3+ ಕ್ರೋಮಿಯಮ್ಮಿನಲ್ಲೂ ಒಂಟಿ ಎಲೆಕ್ಟ್ರಾನುಗಳು ಮೂರೇ. ಆದರೆ ಅಲ್ಲಿ ಟಿ2ಜಿ ಸರಿಯಾಗಿ ಅರ್ಧ ತುಂಬಿರುವುದರಿಂದ ಸುತ್ತಾಟಕ್ಕೆ ಅವಕಾಶವಿಲ್ಲ, ಸೂತ್ರ ಚೆನ್ನಾಗಿ ಹೊಂದುತ್ತದೆ. ಪರೀಕ್ಷೆಯಲ್ಲಿ ಇವೆರಡನ್ನು ಅಕ್ಕಪಕ್ಕ ಇಟ್ಟು ಕೇಳುವುದುಂಟು.

ಪ್ರಶ್ನೆ: ಘನಸ್ಥಿತಿ ಭೌತಶಾಸ್ತ್ರದ ಪಾಠದಲ್ಲಿ, ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಸೇರಿ ಆಗುವ ಪಟ್ಟಿ ಅರ್ಧ ತುಂಬಿದ್ದರೆ ವಸ್ತು ಲೋಹವಾಗಿರಬೇಕು ಎಂದು ಕಲಿತೆವು. ಹಾಗಿದ್ದರೆ ಲ್ಯಾಂಥನಂ ಕಾಪರ್ ಆಕ್ಸೈಡ್ ಅವಾಹಕವಾಗಿರುವುದು ಹೇಗೆ? ಅದೇ ವಸ್ತು ಅತಿವಾಹಕವೂ ಆಗುತ್ತದೆ ಎನ್ನುತ್ತಾರಲ್ಲ?
– ಬಿ.ಎಸ್ಸಿ. ವಿದ್ಯಾರ್ಥಿ, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ನಿಮ್ಮ ಪ್ರಶ್ನೆ ಕಳೆದ ಎಂಟು ದಶಕಗಳಲ್ಲಿ ಭೌತವಿಜ್ಞಾನಿಗಳನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆಗಳಲ್ಲಿ ಒಂದು. 1937ರಲ್ಲಿ ಡಿ ಬೋರ್ ಮತ್ತು ಫರ್ವೇ ಅವರು ನಿಕಲ್ ಆಕ್ಸೈಡಿನಂಥ ವಸ್ತುಗಳಲ್ಲಿ ಇದೇ ವಿರೋಧವನ್ನು ಎತ್ತಿ ತೋರಿಸಿದರು. ನೆವಿಲ್ ಮಾಟ್ 1949ರಲ್ಲಿ ಅದಕ್ಕೆ ದಾರಿ ತೋರಿದರು.

ಈ ಸಂಯುಕ್ತದಲ್ಲಿ ತಾಮ್ರ ಮತ್ತು ಆಕ್ಸಿಜನ್ನಿನ ಚಪ್ಪಟೆ ಹಾಳೆಗಳು ಸುಮಾರು 6.6 ಆಂಗ್‌ಸ್ಟ್ರಮ್ ಅಂತರದಲ್ಲಿ ಒಂದರ ಮೇಲೊಂದಿದ್ದು, ನಡುವೆ ಲ್ಯಾಂಥನಂ ಮತ್ತು ಆಕ್ಸಿಜನ್ನಿನ ಪದರಗಳಿವೆ. 2+ ತಾಮ್ರದಲ್ಲಿ ಒಂಬತ್ತು ಡಿ ಎಲೆಕ್ಟ್ರಾನುಗಳು, ಅಂದರೆ ಒಂದೇ ಒಂದು ತೆರವು. ಯಾನ್-ಟೆಲ್ಲರ್ ಪರಿಣಾಮದಿಂದ ಅಷ್ಟಮುಖಿ ನೀಳವಾಗಿದೆ: ಹಾಳೆಯೊಳಗಿನ ನಾಲ್ಕು ಆಕ್ಸಿಜನ್‌ಗಳು 1.9 ಆಂಗ್‌ಸ್ಟ್ರಮ್ ದೂರದಲ್ಲಿ, ಮೇಲೆ ಕೆಳಗಿನ ಎರಡು 2.4 ಆಂಗ್‌ಸ್ಟ್ರಮ್ ದೂರದಲ್ಲಿ. ಆದ್ದರಿಂದ ಆ ತೆರವು ಹಾಳೆಯೊಳಗಿನ ಆಕ್ಸಿಜನ್‌ಗಳತ್ತ ಚಾಚಿದ ಒಂದೇ ಕಕ್ಷಕದಲ್ಲಿ ನಿಲ್ಲುತ್ತದೆ. ಪ್ರತಿ ತಾಮ್ರಕ್ಕೂ ಇಂಥ ಕಕ್ಷಕದಲ್ಲಿ ಒಂದು ಎಲೆಕ್ಟ್ರಾನು ಇರುವುದರಿಂದ ಪಟ್ಟಿ ಅರ್ಧ ತುಂಬಿದಂತಾಯಿತು. ನಿಮ್ಮ ಪಾಠದಂತೆ ಅದು ಲೋಹವಾಗಬೇಕು. ಆದರೆ ಆ ಪಾಠ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಸರಾಸರಿಯಾಗಿ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವಿದ್ಯುತ್ ಹರಿಯಬೇಕಾದರೆ ಒಂದು ತಾಮ್ರದ ಎಲೆಕ್ಟ್ರಾನು ಪಕ್ಕದ ತಾಮ್ರಕ್ಕೆ ಹಾರಬೇಕು, ಅಲ್ಲಿ ಆಗಲೇ ಇರುವ ಎಲೆಕ್ಟ್ರಾನಿನೊಡನೆ ಒಂದೇ ಕಕ್ಷಕವನ್ನು ಹಂಚಿಕೊಳ್ಳಬೇಕು. ಅದಕ್ಕೆ ತಗಲುವ ಶಕ್ತಿ, ಹಾರುವುದರಿಂದ ಸಿಗುವ ಶಕ್ತಿಗಿಂತ ಬಹಳ ಹೆಚ್ಚು. ಹೀಗಾಗಿ ಎಲೆಕ್ಟ್ರಾನುಗಳು ತಂತಮ್ಮ ಅಯಾನುಗಳಲ್ಲೇ ಉಳಿಯುತ್ತವೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇಲ್ಲಿ ಅತಿ ಕಡಿಮೆ ಶಕ್ತಿ ಬೇಡುವ ಜಿಗಿತ ಆಕ್ಸಿಜನ್ನಿನಿಂದ ತಾಮ್ರಕ್ಕೆ ಆಗುವಂಥದ್ದು; ಅದಕ್ಕೂ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ ಬೇಕು. 1985ರಲ್ಲಿ ಜಾನೆನ್, ಸವಾಟ್ಜ್‌ಕಿ ಮತ್ತು ಅಲೆನ್ ಈ ಎರಡು ಬಗೆಯ ಅವಾಹಕಗಳನ್ನು ಬೇರ್ಪಡಿಸಿ ತೋರಿಸಿದರು. ಬಿ.ಎಸ್ಸಿ. ಪಠ್ಯದಲ್ಲಿ ಈ ವಿಚಾರಕ್ಕೆ ಒಂದು ಪುಟವಾದರೂ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಇದಿಲ್ಲದೆ ಪಟ್ಟಿ ಸಿದ್ಧಾಂತದ ಮಿತಿ ವಿದ್ಯಾರ್ಥಿಗೆ ಗೊತ್ತಾಗುವುದೇ ಇಲ್ಲ.

ಅಯಾನುಗಳಲ್ಲೇ ಉಳಿದ ಎಲೆಕ್ಟ್ರಾನುಗಳಿಗೆ ಸ್ಪಿನ್ ಉಂಟು, ಆ ಸ್ಪಿನ್‌ಗಳ ನಡುವೆ ಆಕ್ಸಿಜನ್ ಕೊಂಡಿಯಾಗುತ್ತದೆ. ತಾಮ್ರ, ಆಕ್ಸಿಜನ್, ತಾಮ್ರ ಬಹುತೇಕ ಒಂದೇ ಗೆರೆಯಲ್ಲಿವೆ. ಅಕ್ಕಪಕ್ಕದ ಎರಡು ಸ್ಪಿನ್‌ಗಳು ವಿರುದ್ಧ ದಿಕ್ಕಿನಲ್ಲಿದ್ದರೆ ಎಲೆಕ್ಟ್ರಾನು ಆಕ್ಸಿಜನ್ನಿನ ಮೂಲಕ ಕ್ಷಣಮಾತ್ರ ಆಚೆ ಹೋಗಿ ಬರಲು ಪೌಲಿ ನಿಯಮ (ಒಂದೇ ಕಕ್ಷಕದಲ್ಲಿ ಒಂದೇ ದಿಕ್ಕಿನ ಸ್ಪಿನ್ನಿನ ಎರಡು ಎಲೆಕ್ಟ್ರಾನುಗಳು ಇರಲಾರವೆಂಬ ನಿಯಮ) ಅಡ್ಡಬರುವುದಿಲ್ಲ, ಅದರಿಂದ ಶಕ್ತಿ ತುಸು ಕಡಿಮೆಯಾಗುತ್ತದೆ. ಒಂದೇ ದಿಕ್ಕಿನಲ್ಲಿದ್ದರೆ ಆ ಅವಕಾಶವೂ ಇಲ್ಲ. ಹೀಗೆ ಸ್ಪಿನ್‌ಗಳು ಒಂದು ಮೇಲೆ, ಒಂದು ಕೆಳಗೆ ಎಂಬ ಆಂಟಿಫೆರೋಕಾಂತೀಯ ಕ್ರಮಕ್ಕೆ ಬರುತ್ತವೆ. ಅಯಾನುಗಳ ನಡುವಿನ ಈ ಬಂಧದ ಬಲ ಉಷ್ಣತೆಯ ಲೆಕ್ಕದಲ್ಲಿ ಸುಮಾರು 1500 ಕೆಲ್ವಿನ್. ಆದರೂ ಇಡೀ ಸ್ಫಟಿಕ ಕ್ರಮಕ್ಕೆ ಬರುವುದು ಸುಮಾರು 325 ಕೆಲ್ವಿನ್‌ಗೆ ಇಳಿದ ಮೇಲೆ. ಕಾರಣ ಪದರ ರಚನೆಯೇ. ಎಲ್ಲ ದಿಕ್ಕುಗಳಿಗೂ ಸಮಾನವಾಗಿ ತಿರುಗಬಲ್ಲ ಸ್ಪಿನ್‌ಗಳ ಒಂಟಿ ಹಾಳೆ ಸೊನ್ನೆ ಕೆಲ್ವಿನ್ ಬಿಟ್ಟು ಬೇರೆ ಯಾವ ಉಷ್ಣತೆಯಲ್ಲೂ ದೂರದವರೆಗೆ ಕ್ರಮ ಹಿಡಿಯಲಾರದೆಂದು ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲಿ ಸಾಧಿಸಿದ್ದಾರೆ. ಹಾಳೆ ಹಾಳೆಗಳ ನಡುವಿನ ಅತಿ ದುರ್ಬಲ ಬಂಧವೇ ಇಲ್ಲಿ ಕ್ರಮಕ್ಕೆ ಆಸರೆ. ಒಟ್ಟು ಕಾಂತತೆ ಸೊನ್ನೆಯಾದ ಇಂಥ ಕ್ರಮವನ್ನು ಸಾಮಾನ್ಯ ಅಯಸ್ಕಾಂತದಿಂದ ಕಾಣಲಾಗದು. ನ್ಯೂಟ್ರಾನ್‌ಗಳನ್ನು ಹಾಯಿಸಿ ನೋಡಬೇಕು. 1987ರಲ್ಲಿ ಹಾಗೆಯೇ ಅದು ಖಚಿತವಾಯಿತು.

ಲ್ಯಾಂಥನಮ್ಮಿನ ಒಂದು ಪಾಲನ್ನು ಬೇರಿಯಂ ಅಥವಾ ಸ್ಟ್ರಾನ್ಷಿಯಮ್ಮಿಗೆ ಬದಲಿಸಿದರೆ ಹಾಳೆಗಳಲ್ಲಿ ಹೆಚ್ಚುವರಿ ತೆರವುಗಳು ಹುಟ್ಟುತ್ತವೆ. ನೂರು ತಾಮ್ರಗಳಿಗೆ ಎರಡು ತೆರವು ಬರುವಷ್ಟರಲ್ಲಿ ಆಂಟಿಫೆರೋಕಾಂತೀಯ ಕ್ರಮ ಅಳಿಯುತ್ತದೆ. ಹದಿನೈದರ ಆಸುಪಾಸಿನಲ್ಲಿ ಅತಿವಾಹಕತೆ ತನ್ನ ಎತ್ತರಕ್ಕೆ, ಸುಮಾರು 38 ಕೆಲ್ವಿನ್‌ಗೆ, ಏರುತ್ತದೆ. ಬೆಡ್ನೋರ್ಜ್ ಮತ್ತು ಮ್ಯುಲರ್ 1986ರಲ್ಲಿ ಬೇರಿಯಂ ಸೇರಿಸಿದ ಸಂಯುಕ್ತದಲ್ಲಿ ಇದನ್ನು ಕಂಡು, ಮರುವರ್ಷವೇ ನೊಬೆಲ್ ಪಡೆದರು. ನಮ್ಮವರೇ ಆದ ಸಿ.ಎನ್.ಆರ್. ರಾವ್ ಅವರು ಪಿ. ಗಂಗೂಲಿ ಅವರೊಡನೆ ಇದೇ ಕುಟುಂಬದ ಪದರ ಆಕ್ಸೈಡುಗಳ ರಚನೆ ಮತ್ತು ಕಾಂತಗುಣಗಳ ಕುರಿತ ವಿವರವಾದ ವಿಮರ್ಶೆಯನ್ನು 1984ರಲ್ಲೇ, ಅಂದರೆ ಆ ಶೋಧಕ್ಕೆ ಎರಡು ವರ್ಷ ಮೊದಲೇ, ಪ್ರಕಟಿಸಿದ್ದರೆಂಬುದನ್ನು ನೀವು ತಿಳಿದಿರಬೇಕು. ತೆರವುಗಳು ಏಕೆ ಜೋಡಿಗೂಡಿ ಅತಿವಾಹಕತೆ ತರುತ್ತವೆ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.

ಪ್ರಶ್ನೆ: ನಾವು ತರಗೆಲೆ, ಕಸಕಡ್ಡಿಗಳ ಮೇಲೆ ಗುಡ್ಡೆಯ ಕೆಂಪುಮಣ್ಣು ಹೊದಿಸಿ ಬೆಂಕಿ ಕೊಟ್ಟು ಸುಡುಮಣ್ಣು ಮಾಡುತ್ತೇವೆ. ಶಾಲೆಗೆ ಹೋಗುವ ಮಗಳು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಅದರಲ್ಲಿ ಆಡಿಸಿದಾಗ ಪುಡಿ ಕೂದಲಿನಂತೆ ಅಂಟಿಕೊಂಡಿತು. ಸುಡದ ಮಣ್ಣು ಅಷ್ಟು ಅಂಟಲಿಲ್ಲ. ಬೆಂಕಿಯಿಂದ ಮಣ್ಣಿಗೆ ಕಬ್ಬಿಣ ಬರುತ್ತದೆಯೇ?
– ಕೃಷಿಕರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಕಬ್ಬಿಣ ಹೊಸದಾಗಿ ಬರುವುದಿಲ್ಲ, ಇದ್ದ ಕಬ್ಬಿಣದ ಜೋಡಣೆ ಬದಲಾಗುತ್ತದೆ. ನಿಮ್ಮ ಮಗಳು ಬಹಳ ಒಳ್ಳೆಯ ಪ್ರಯೋಗ ಮಾಡಿದ್ದಾಳೆ; ಸುಡದ ಮಣ್ಣನ್ನೂ ಪರೀಕ್ಷಿಸಿ ನೋಡಿದ್ದು ವಿಜ್ಞಾನಿಯ ಕ್ರಮ.

ಮುರಕಲ್ಲಿನ ಸೀಮೆಯ ಕೆಂಪುಮಣ್ಣಿನಲ್ಲಿ ಕಬ್ಬಿಣ ಮುಖ್ಯವಾಗಿ ಗೀಥೈಟ್ ಮತ್ತು ಹೆಮಟೈಟ್ ಎಂಬ ಎರಡು ಖನಿಜಗಳ ರೂಪದಲ್ಲಿರುತ್ತದೆ. ಎರಡರಲ್ಲೂ ಇರುವುದು 3+ ಕಬ್ಬಿಣ. ಅದರ ಐದು ಡಿ ಕಕ್ಷಕಗಳಲ್ಲಿ ಐದೂ ಎಲೆಕ್ಟ್ರಾನುಗಳು ಒಂಟಿಯಾಗಿವೆ. ಅಯಾನಿನ ಮಟ್ಟದಲ್ಲಿ ಇದಕ್ಕಿಂತ ಹೆಚ್ಚಿನ ಸ್ಪಿನ್ ಈ ಲೋಹಗಳ ಸಾಲಿನಲ್ಲಿ ಯಾವುದಕ್ಕೂ ಇಲ್ಲ. ಆದರೂ ಅಂಟುವುದಿಲ್ಲ, ಏಕೆಂದರೆ ಹೆಮಟೈಟಿನಲ್ಲಿ ಕಬ್ಬಿಣದ ಒಂದು ಪದರದ ಸ್ಪಿನ್‌ಗಳೆಲ್ಲ ಒಂದು ದಿಕ್ಕಿಗಿದ್ದರೆ ಮುಂದಿನ ಪದರದವು ವಿರುದ್ಧ ದಿಕ್ಕಿಗಿದ್ದು ಒಂದನ್ನೊಂದು ಅಳಿಸಿಹಾಕುತ್ತವೆ. ಸ್ಪಿನ್‌ಗಳು ಪೂರ್ತಿ ಎದುರುಬದುರಾಗದೆ ತುಸು ಓರೆಯಾಗಿರುವುದರಿಂದ ಸ್ವಲ್ಪ ಕಾಂತತೆ ಉಳಿಯುತ್ತದೆ. ಅದು ಅಯಸ್ಕಾಂತಕ್ಕೆ ಬಲವಾಗಿ ಅಂಟುವ ಮ್ಯಾಗ್ನೆಟೈಟ್ ಎಂಬ ಇನ್ನೊಂದು ಕಬ್ಬಿಣದ ಆಕ್ಸೈಡಿನ ಕಾಂತತೆಯ ಇನ್ನೂರರಲ್ಲಿ ಒಂದು ಪಾಲೂ ಆಗದು.

ಸುಡುಮಣ್ಣಿನ ಗುಪ್ಪೆ ಭಗ್ಗನೆ ಉರಿಯುವುದಿಲ್ಲ, ಮಣ್ಣಿನ ಹೊದಿಕೆಯೊಳಗೆ ಹೊಗೆಯಾಡುತ್ತ ನಿಧಾನವಾಗಿ ಬೇಯುತ್ತದೆ. ಈ ನಿಧಾನದಲ್ಲಿ ವಿಷಯವಿದೆ. ಗೀಥೈಟಿನ ನೀರಿನಂಶ ಹೊರಹೋಗುತ್ತದೆ. ಗಾಳಿ ಸಾಲದ ಕಡೆ ತರಗೆಲೆಯ ಇಂಗಾಲ ಕಬ್ಬಿಣದ ಆಕ್ಸೈಡಿನಿಂದಲೇ ಆಕ್ಸಿಜನ್ನನ್ನು ಕಸಿದುಕೊಳ್ಳುತ್ತದೆ, ಆಗ ಕಬ್ಬಿಣದ ಒಂದು ಪಾಲು 2+ ಆಗಿ ಮ್ಯಾಗ್ನೆಟೈಟ್ ಹುಟ್ಟುತ್ತದೆ. ಗುಪ್ಪೆ ಆರುವಾಗ ಗಾಳಿ ತಗಲಿ ಅದರ ಬಹುಭಾಗ ಮ್ಯಾಗ್‌ಹೀಮೈಟ್ ಆಗುತ್ತದೆ. ಅದರಲ್ಲಿ ಕಬ್ಬಿಣವೆಲ್ಲ ಮತ್ತೆ 3+ ಆದರೂ ಜೋಡಣೆ ಮಾತ್ರ ಮ್ಯಾಗ್ನೆಟೈಟಿನದೇ. ಈ ಜೋಡಣೆಯಲ್ಲಿ ಕೆಲವು ಕಬ್ಬಿಣಗಳು ನಾಲ್ಕು ಆಕ್ಸಿಜನ್‌ಗಳ ನಡುವೆ, ಉಳಿದವು ಆರರ ನಡುವೆ ಇರುತ್ತವೆ. ಈ ಎರಡು ಗುಂಪುಗಳ ಸ್ಪಿನ್‌ಗಳು ಪರಸ್ಪರ ವಿರುದ್ಧವೇ. ಆದರೆ ಗುಂಪುಗಳ ಸಂಖ್ಯೆ ಸಮವಲ್ಲ. ಮ್ಯಾಗ್ನೆಟೈಟಿನಲ್ಲಿ ಎರಡು 3+ ಕಬ್ಬಿಣಗಳು ಎದುರುಬದುರಾಗಿ ಅಳಿದ ಮೇಲೆ ಒಂದು 2+ ಕಬ್ಬಿಣದ ನಾಲ್ಕು ಒಂಟಿ ಎಲೆಕ್ಟ್ರಾನುಗಳು ಉಳಿಯುತ್ತವೆ; ಅಳತೆಗೆ ಸಿಗುವ ಬೆಲೆಯೂ ನಾಲ್ಕು ಬೋರ್ ಮ್ಯಾಗ್ನೆಟಾನಿಗೆ ಬಹಳ ಹತ್ತಿರ. ಲೂಯಿ ನೀಲ್ 1948ರಲ್ಲಿ ಈ ಲೆಕ್ಕವನ್ನು ಬಿಡಿಸಿದರು, 1970ರಲ್ಲಿ ನೊಬೆಲ್ ಪಡೆದರು.

ಮಗಳ ಕೈಯಲ್ಲಿದ್ದ ಸ್ಪೀಕರಿನ ಬೂದುಗಪ್ಪು ಉಂಗುರವೂ, ಹೆಚ್ಚಿನ ಸ್ಪೀಕರುಗಳಲ್ಲಿರುವಂತೆ, ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸೇರಿದ ಕಬ್ಬಿಣದ ಆಕ್ಸೈಡೇ ಆಗಿರಬೇಕು. ಅದು ನಿಜವಾದ ಪದರ ಆಕ್ಸೈಡ್: ಮ್ಯಾಗ್ನೆಟೈಟಿನಂಥ ಜೋಡಣೆಯ ಪದರ, ಬೇರಿಯಂ ಇರುವ ಪದರ, ಮತ್ತೆ ಅದೇ ಸರದಿ. ಸೂತ್ರವೊಂದಕ್ಕೆ ಹನ್ನೆರಡು 3+ ಕಬ್ಬಿಣಗಳಿದ್ದು, ಎಂಟು ಒಂದು ದಿಕ್ಕಿಗೆ, ನಾಲ್ಕು ವಿರುದ್ಧ ದಿಕ್ಕಿಗೆ ನಿಲ್ಲುತ್ತವೆ. ಉಳಿದ ನಾಲ್ಕರ ಪಾಲಿಗೆ ತಲಾ ಐದರಂತೆ 20 ಬೋರ್ ಮ್ಯಾಗ್ನೆಟಾನ್. ಪದರಗಳಿಗೆ ಲಂಬವಾದ ದಿಕ್ಕನ್ನು ಸ್ಪಿನ್‌ಗಳು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಅದು ಶಾಶ್ವತ ಅಯಸ್ಕಾಂತವಾಗಿ ಉಳಿಯುತ್ತದೆ.

ಮುಂದಿನ ಸಲ ಗುಪ್ಪೆಯ ಹೊರಮೈ, ನಡು ಮತ್ತು ತಳದಿಂದ ಒಂದೊಂದು ಚಮಚ ಮಣ್ಣು ತೆಗೆದು, ಒಣಗಿಸಿ, ಅಯಸ್ಕಾಂತವನ್ನು ತೆಳುವಾದ ಪ್ಲಾಸ್ಟಿಕ್ ಚೀಲದೊಳಗಿಟ್ಟು ಆಡಿಸಲು ಮಗಳಿಗೆ ಹೇಳಿರಿ. ಚೀಲವನ್ನು ಕಳಚಿದರೆ ಅಂಟಿದ ಪುಡಿ ಪೂರ್ತಿಯಾಗಿ ಉದುರಿ ತೂಗಲು ಸಿಗುತ್ತದೆ. ಎಲೆ ಹೆಚ್ಚಾಗಿ ಗಾಳಿ ಕಡಿಮೆಯಿದ್ದ ಕಡೆಯ ಮಣ್ಣು ಹೆಚ್ಚು ಅಂಟಿದರೆ ಮೇಲಿನ ವಿವರಣೆಗೆ ಪುಷ್ಟಿ ಸಿಕ್ಕಂತೆ. ಅಂಟುವ ಪ್ರಮಾಣವನ್ನು ಗೊಬ್ಬರದ ಸತ್ವಕ್ಕೆ ಅಳತೆಗೋಲಾಗಿ ಮಾತ್ರ ಹಿಡಿಯಬೇಡಿರಿ. ಗಿಡಕ್ಕೆ ಸಿಗುವ ಪೊಟ್ಯಾಷ್ ಬರುವುದು ಬೂದಿಯಿಂದ, ಅದು ಅಯಸ್ಕಾಂತಕ್ಕೆ ಅಂಟುವ ವಸ್ತುವಲ್ಲ.